ಮರಿಗೂ ಮೊದಲು ತಾಯಿಯನ್ನು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆಯ ಮಿಶ್ರತಳಿ ನಾಯಿ ಮರಿಯಾಗಿ ಬಂದಾಗ ಎರಡು ಬೊಗಸೆಯಷ್ಟಿತ್ತು. ‘ಬೆಕ್ಕಿಗಿಂತ ದೊಡ್ಡದಾಗೋದೇ ಇಲ್ಲ, ನೋಡ್ತಿರಿ’ ಎಂದು ಕೊಟ್ಟವರು ಹೇಳಿದರು. ನಂಬಿ ಒಂದು ಪುಟ್ಟ ಬುಟ್ಟಿ ತಂದೆ. ವರ್ಷ ತುಂಬುವ ಹೊತ್ತಿಗೆ ಆ ಬುಟ್ಟಿಯಲ್ಲಿ ಅದರ ತಲೆ ಮಾತ್ರ ಹಿಡಿಯುತ್ತಿತ್ತು. ಮುಂಡ ಸೋಫಾದ ಮೇಲೆ! ಕೊಟ್ಟವರದೇನೂ ತಪ್ಪಿಲ್ಲ ಅನ್ನಿ. ಅವರು ತಾಯಿಯನ್ನಾದರೂ ನೋಡಿದ್ದರು. ನಾನು ಅದನ್ನೂ ನೋಡಿರಲಿಲ್ಲ.

ಮಿಶ್ರತಳಿಯ ಮರಿ ತರುವವರು ಮೊದಲು ತಿಳಿಯಬೇಕಾದ್ದು ಇದೇ. ಮುಖ ನೋಡಿ ಮುಂದಿನದನ್ನು ಹೇಳಲಾಗದು. ಎರಡು ತಳಿ ಸೇರಿಸಿದರೆ ಎರಡರ ನಡುವಿನದೊಂದು ಹುಟ್ಟುತ್ತದೆ ಎಂದುಕೊಳ್ಳುತ್ತೇವೆ. ಹಾಗೇನಿಲ್ಲ. ಒಂದೇ ಸೂಲಿನಲ್ಲಿ ಒಂದಕ್ಕೆ ಅಪ್ಪನ ಕಾಲು, ಇನ್ನೊಂದಕ್ಕೆ ಅಮ್ಮನ ಕೂದಲು, ಮತ್ತೊಂದಕ್ಕೆ ಯಾವ ಅಜ್ಜನದೋ ಕಿವಿ. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರುವುದೂ ಉಂಟು. ಸಣ್ಣ ನಾಯಿಗಳನ್ನು ಸಣ್ಣದಾಗಿ ಇಡುವುದರಲ್ಲಿ ಐಜಿಎಫ್-1 ಎಂಬ ಜೀನ್‌ನದು ದೊಡ್ಡ ಪಾಲು ಎಂದು ವಿಜ್ಞಾನಿಗಳು 2007ರಲ್ಲಿ ತೋರಿಸಿದರು. ಆದರೆ ಅದೊಂದೇ ಅಲ್ಲ, ಜೊತೆಗೆ ಇನ್ನೂ ಹಲವು ಜೀನ್‌ಗಳಿವೆ. ಯಾವ ಮರಿಗೆ ಯಾವುದು ಬಂತು ಅಂತ ಹಣೆಯ ಮೇಲೆ ಬರೆದಿರುವುದಿಲ್ಲ.

ಅದಕ್ಕೇ ಮರಿಗೂ ಮೊದಲು ತಾಯಿಯನ್ನು ನೋಡಿ ಅನ್ನುವುದು. ಗಾತ್ರಕ್ಕಿಂತ ಜಾಸ್ತಿ ಅವಳ ನಡತೆ ನೋಡಿ. ಹೊಸಬರು ಬಂದಾಗ ಬಾಲ ಆಡಿಸುತ್ತಾಳಾ, ಮೂಲೆಗೆ ಸರಿಯುತ್ತಾಳಾ, ಗುರ್ ಅನ್ನುತ್ತಾಳಾ? ಮರಿ ಕಾಯುವ ತಾಯಿ ಸ್ವಲ್ಪ ಬಿಗಿಯಾಗಿರುವುದು ಸಹಜ. ಆದರೆ ಮನೆಯವರನ್ನು ಕಂಡೇ ನಡುಗುವ ತಾಯಿಯ ಮರಿಗಳು ಅಂಜುಬುರುಕರಾಗುವ ಸಾಧ್ಯತೆ ಜಾಸ್ತಿ. ತಾಯಿಯನ್ನು ತೋರಿಸಲು ಸಬೂಬು ಹೇಳುವವರಿದ್ದರೆ ಸುಮ್ನೆ ಎದ್ದು ಬಂದುಬಿಡಿ. ಮರಿಯನ್ನು ಮಾತ್ರ ಆ ದಿನ ಎತ್ತಿಕೊಳ್ಳಬೇಡಿ. ಎತ್ತಿಕೊಂಡವರು ಯಾರೂ ಬರಿಗೈಯಲ್ಲಿ ಬಂದಿಲ್ಲ.

ಎಂಟು ವಾರಕ್ಕೆ ಮೊದಲು ಮರಿಯನ್ನು ತಾಯಿಯಿಂದ ಬಿಡಿಸಬಾರದು. ಅಣ್ಣತಮ್ಮಂದಿರ ಜೊತೆ ಕಚ್ಚಾಡುತ್ತಲೇ ಅದು ಎಷ್ಟು ಮೆಲ್ಲಗೆ ಕಚ್ಚಬೇಕು ಎಂದು ಕಲಿಯುತ್ತದೆ. ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಅಂದು ಆಟ ಬಿಡುತ್ತದೆ. ಆ ಪಾಠವನ್ನು ನಮ್ಮ ಬೆರಳುಗಳ ಮೇಲೆ ಕಲಿಸುವುದು ಕಷ್ಟ.

ಈಗ ಒಂದು ಇಕ್ಕಟ್ಟಿನ ವಿಷಯ. ಹೆಚ್ಚುಕಮ್ಮಿ ಮೂರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ ಮರಿಯ ಮನಸ್ಸು ತೆರೆದ ಬಾಗಿಲು. ಆ ಹೊತ್ತಿನಲ್ಲಿ ಕಂಡ ಮಕ್ಕಳು, ಕೊಡೆ, ಮಿಕ್ಸಿಯ ಸದ್ದು ಎಲ್ಲವೂ ಅದಕ್ಕೆ ಮಾಮೂಲಿ ಆಗುತ್ತವೆ. ಕಾಣದೇ ಇದ್ದದ್ದು ಮುಂದೆ ಭಯವಾಗಬಹುದು. ಆದರೆ ಲಸಿಕೆ ಪೂರ್ತಿಯಾಗುವುದೂ ಅದೇ ಸುಮಾರಿಗೆ. ಆರರಿಂದ ಎಂಟನೇ ವಾರದಲ್ಲಿ ಶುರುವಾಗಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಹದಿನಾರನೇ ವಾರದವರೆಗೂ ಚುಚ್ಚುಮದ್ದು ಇರುತ್ತದೆ. ‘ಒಂದು ಸಲ ಹಾಕಿಸಿದ್ದೇವಲ್ಲ’ ಎಂದು ನಿಲ್ಲಿಸಬೇಡಿ. ತಾಯಿಯಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಉಳಿದಿರುವಷ್ಟು ದಿನ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಆ ರಕ್ಷಣೆ ಯಾವತ್ತು ಇಳಿಯುತ್ತದೋ ಗೊತ್ತಾಗದು. ಅದಕ್ಕೇ ಮತ್ತೆ ಮತ್ತೆ ಹಾಕುವುದು. ಈ ನಡುವೆ ಪಾರ್ವೋ ಎಂಬ ವೈರಸ್ ತಗುಲಿದರೆ ವಾಂತಿ, ರಕ್ತಭೇದಿಯಲ್ಲಿ ಮರಿ ಎರಡು ಮೂರು ದಿನಕ್ಕೇ ಕೈಬಿಟ್ಟು ಹೋಗಬಹುದು. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹುಚ್ಚುನಾಯಿ ರೋಗದ ಲಸಿಕೆ, ಜಂತುಹುಳದ ಔಷಧಿ ಯಾವಾಗ ಎಂದು ಮೊದಲ ಭೇಟಿಯಲ್ಲೇ ಪಶುವೈದ್ಯರಿಂದ ಬರೆಸಿಕೊಳ್ಳಿ.

ಹಾಗಾದರೆ ಹೊರಗೆ ಕರೆದುಕೊಂಡು ಹೋಗುವುದಾ, ಬೇಡವಾ? ಹೋಗಿ, ಆದರೆ ಕಂಕುಳಲ್ಲಿ. ಬೀದಿಯನ್ನು ಕಣ್ಣಿಗೆ ತೋರಿಸಿ, ಕಾಲಿಗೆ ಬೇಡ. ಸಣ್ಣ ಮರಿಯ ದೊಡ್ಡ ಅನುಕೂಲ ಇದೇ ಅಲ್ವಾ, ಎತ್ತಿಕೊಂಡು ತಿರುಗಬಹುದು.

‘ಮಿಶ್ರತಳಿಗೆ ರೋಗವೇ ಬರಲ್ಲ’ ಎಂಬ ಮಾತು ಅರ್ಧ ನಿಜ. ಒಂದು ತಳಿಯಲ್ಲಷ್ಟೇ ಇರುವ ಕೆಲವು ಕಾಯಿಲೆಗಳಿಂದ ಅದು ತಪ್ಪಿಸಿಕೊಳ್ಳಬಹುದು. ಆದರೆ ಅಪ್ಪ ಅಮ್ಮ ಇಬ್ಬರ ಕಡೆಯೂ ಇರುವ ಕಾಯಿಲೆಯಿಂದ ಯಾವ ಬೆರಕೆಯೂ ಕಾಪಾಡದು. ಸಣ್ಣ ನಾಯಿಗಳಲ್ಲಿ ಮಂಡಿಚಿಪ್ಪು ಜಾರುವುದು ಅಂಥದ್ದೇ. ಓಡುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಹಿಂಗಾಲೊಂದನ್ನು ಎತ್ತಿಕೊಳ್ಳುತ್ತದೆ, ಮೂರು ಕಾಲಲ್ಲಿ ನಾಲ್ಕು ಹೆಜ್ಜೆ ಕುಪ್ಪಳಿಸುತ್ತದೆ, ಕಾಲನ್ನೊಮ್ಮೆ ಹಿಂದಕ್ಕೆ ಒದರುತ್ತದೆ, ಮತ್ತೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಮನೆಯವರು ನಕ್ಕು ಮೊಬೈಲಿನಲ್ಲಿ ಹಿಡಿಯುತ್ತಾರೆ. ಆ ವಿಡಿಯೋವನ್ನೇ ವೈದ್ಯರಿಗೆ ತೋರಿಸಿ. ಇವಕ್ಕೆ ಗಂಟಲ ಕೊಳವೆಯೂ ನಾಜೂಕು. ಕೊರಳಪಟ್ಟಿ ಹಿಡಿದು ಜಗ್ಗುವ ಬದಲು ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು.

ಹಲ್ಲಿನ ಲೆಕ್ಕ ಕೇಳಿ. ಹಾಲುಹಲ್ಲು 28, ಆಮೇಲೆ ಬರುವುದು 42. ದೊಡ್ಡ ನಾಯಿಗೂ ಅಷ್ಟೇ, ಬೊಗಸೆ ನಾಯಿಗೂ ಅಷ್ಟೇ. ಇಷ್ಟೇ ಇಷ್ಟು ದವಡೆಯಲ್ಲಿ ಅಷ್ಟನ್ನು ತುರುಕಬೇಕು! ಏಳನೇ ತಿಂಗಳು ಕಳೆದರೂ ಹಾಲುಹಲ್ಲು ಹೊಸದರ ಪಕ್ಕದಲ್ಲೇ ನಿಂತಿದ್ದರೆ ಕೀಳಿಸಬೇಕಾಗಬಹುದು. ಮರಿಯಿದ್ದಾಗಲೇ ಹಲ್ಲುಜ್ಜುವುದನ್ನು ಅಭ್ಯಾಸ ಮಾಡಿಸಿ. ನಾಯಿಯದೇ ಪೇಸ್ಟ್ ಇರಲಿ, ನಮ್ಮದು ಬೇಡ.

ತೀರಾ ಪುಟ್ಟ ಮರಿ ಹೆಚ್ಚು ಹೊತ್ತು ಉಪವಾಸ ತಡೆಯದು. ರಕ್ತದ ಸಕ್ಕರೆ ಇಳಿದು ತೂರಾಡುತ್ತದೆ, ನಡುಗುತ್ತದೆ, ಬಟ್ಟೆಯಂತೆ ಜೋತುಬೀಳುತ್ತದೆ. ನಿದ್ದೆ ಎಂದುಕೊಂಡು ಬಿಡಬೇಡಿ. ವಸಡಿಗೆ ಒಂದಿಷ್ಟು ಸಕ್ಕರೆ ನೀರು ಸವರಿ ಕೂಡಲೇ ವೈದ್ಯರ ಬಳಿಗೆ ಓಡಿ. ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ತಿನ್ನಿಸಿದರೆ ಸಾಮಾನ್ಯವಾಗಿ ಈ ಫಜೀತಿ ಇರದು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಎಲ್ಲ ನಾಯಿಗಳಿಗೂ ವಿಷ. ಮೈ ಸಣ್ಣದಾದಷ್ಟೂ ಅಪಾಯಕ್ಕೆ ಸಣ್ಣ ತುಂಡೇ ಸಾಕು.

ಇಷ್ಟೆಲ್ಲ ಕೇಳಿದ ಮೇಲೂ ತರುತ್ತೇವೆ ಅನ್ನುವವರು ಒಮ್ಮೆ ಮನೆಯ ಗಡಿಯಾರ ನೋಡಿ. ಎರಡು ತಿಂಗಳ ಮರಿ ಮೂತ್ರ ಹಿಡಿಯುವುದು ಹೆಚ್ಚೆಂದರೆ ಮೂರು ಗಂಟೆ. ಬೆಳಗ್ಗೆ ಬೀಗ ಹಾಕಿ ಸಂಜೆ ಬರುವ ಮನೆಯಾದರೆ ನಡುವೆ ಯಾರು ನೋಡುತ್ತಾರೆ? ಇನ್ನು ಸಣ್ಣ ನಾಯಿಗಳು ಹನ್ನೆರಡು, ಹದಿನೈದು ವರ್ಷ ಬದುಕುವುದು ಸಾಮಾನ್ಯ. ‘ನಾಯಿ ಬೇಕು’ ಅಂತ ಹಟ ಹಿಡಿದ ಹತ್ತು ವರ್ಷದ ಮಗು ಓದು ಮುಗಿಸಿ ಕೆಲಸಕ್ಕೆ ಹೋದ ಮೇಲೂ ನಾಯಿ ನಿಮ್ಮ ಜೊತೆಗೇ ಇರುತ್ತದೆ.

ಮೊದಲ ರಾತ್ರಿ ಮರಿ ಅಳುತ್ತದೆ. ತಾಯಿಯ ಪಕ್ಕದಲ್ಲಿದ್ದ ಬಟ್ಟೆಯ ತುಂಡೊಂದನ್ನು ಕೇಳಿ ತಂದಿದ್ದರೆ ಅದರ ಹಾಸಿಗೆಯಲ್ಲಿಡಿ. ಪೆಟ್ಟಿಗೆಯನ್ನು ನಿಮ್ಮ ಮಂಚದ ಪಕ್ಕಕ್ಕೇ ಎಳೆದುಕೊಂಡು ಒಂದು ಕೈ ಇಳಿಬಿಡಿ. ಬೆರಳು ಮೂಸುತ್ತದೆ, ನೆಕ್ಕುತ್ತದೆ, ಒಂದು ನಿಟ್ಟುಸಿರು ಬಿಟ್ಟು ಮಲಗುತ್ತದೆ. ಎರಡು ಗಂಟೆಗೆ ಮತ್ತೆ ಕುಂಯ್ ಅನ್ನುತ್ತದೆ, ಹೊರಗೆ ಒಯ್ಯಬೇಕು. ಚಪ್ಪಲಿ ಮಂಚದ ಕೆಳಗೇ ಇಟ್ಟುಕೊಂಡು ಮಲಗಿ. ಅಲ್ಲ, ತಡೀರಿ. ಕೆಳಗೆ ಬೇಡ. ಎಲ್ಲಾದರೂ ಎತ್ತರದಲ್ಲಿಡಿ.

ನಮಸ್ಕಾರ.