ಕಲಾದಗಿಯ ದಂಡು: ಹಲಗಲಿಗೆ ಕುದುರಿ ಹೊಂಟ ಊರು

ಕಲಾದಗಿ ಅಂದಕೂಡ್ಲೆ ಎಲ್ಲಾರಿಗೂ ನೆನಪಾಗೋದು ಚಿಕ್ಕು, ದಾಳಿಂಬೆ. ಬಾಗಲಕೋಟೆಯಿಂದ ಲೋಕಾಪುರದ ಕಡೆ ಹೊಂಟವ್ರು ರಸ್ತೆ ಬಾಜೂಕ ಗಾಡಿ ನಿಲ್ಲಿಸಿ, ಹಣ್ಣ ತಗೊಂಡು ಮುಂದ ಹೋಗಿಬಿಡ್ತೀವಿ. ಇವತ್ತ ಇಲ್ಲೇ ಇಳಿಯೋಣ ಬರ್ರಿ. ಇದು ಒಂದು ಕಾಲಕ್ಕ ಬ್ರಿಟಿಷರ ದಂಡು ಇದ್ದ ಊರು. ಅಷ್ಟ ಅಲ್ಲ, ಜಿಲ್ಲಾ ಕೇಂದ್ರ. ಬಿಜಾಪುರ, ಬಾಗಲಕೋಟೆ, ಬಾದಾಮಿ ಎಲ್ಲಾ ಆಗ ಕಲಾದಗಿ ಜಿಲ್ಲೆಯೊಳಗ ಇದ್ದವು.

1818ರ ಫೆಬ್ರವರಿಯೊಳಗ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಪೇಶ್ವೆಯವರ ಕಡೆಯಿಂದ ಬಾದಾಮಿ ಕೋಟೆ ಕಸಗೊಂಡ. ಅದರ ಬೆನ್ನಿಗೇ ಬಾಗಲಕೋಟೆನೂ ಕೈ ಬಿಟ್ಟು ಹೋತು. ಆಮ್ಯಾಲೆ ಘಟಪ್ರಭಾ ದಂಡಿಯ ಈ ಊರಾಗ ಕಂಪನಿ ಸೈನ್ಯ ಬಂದು ಕುಂತಿತು. ಇಲ್ಲೇ ಯಾಕ? ನಕ್ಷೆ ತಗದು ನೋಡ್ರಿ. ಒಂದು ಕಡೆ ಮುಧೋಳದ ಘೋರ್ಪಡೆ, ಮ್ಯಾಲೆ ಜಮಖಂಡಿಯ ಪಟವರ್ಧನ, ಕೆಳಗ ರಾಮದುರ್ಗದ ಭಾವೆ. ಎಲ್ಲಾ ಸಂಸ್ಥಾನಗಳ ಮ್ಯಾಲೂ ಕಣ್ಣಿಡಾಕ ಇದಕ್ಕಿಂತ ಚಲೋ ಜಾಗ ಯಾವುದಿತ್ತು? ಹೊಳಿ ನೀರು ಐತಿ, ಕುದುರಿ ಬಿಡಾಕ ಬಯಲೂ ಐತಿ.

ನಾ ಈ ವಿಡಿಯೋ ಮಾಡಾಕ ಕಾರಣ 1857. ಆ ವರ್ಷ ಸರ್ಕಾರ ಹತಾರ ಕಾಯ್ದೆ ತಂತು. ಪರವಾನಗಿ ಇಲ್ಲದ ಯಾರೂ ಆಯುಧ ಇಟ್ಕೋಬಾರ್ದು ಅಂತ. ಮುಧೋಳ ಸೀಮೆಯ ಹಲಗಲಿ ಬೇಡರು ಒಪ್ಪಲಿಲ್ಲ. ಹೆಂಗ ಒಪ್ಪಬೇಕ್ರಿ? ಕತ್ತಿ, ಬಂದೂಕು ಅವರಿಗೆ ಹೊಟ್ಟಿಪಾಡೂ ಹೌದು, ಮಾನವೂ ಹೌದು. ನವೆಂಬರ್ ಕೊನಿಗೆ ಕರ್ನಲ್ ಮಾಲ್ಕಮ್ ಕೈಕೆಳಗಿನ ಸದರ್ನ್ ಮರಾಠಾ ಹಾರ್ಸ್ ಅನ್ನೋ ಕುದುರಿ ದಳ ಹಲಗಲಿ ಮ್ಯಾಲೆ ಬಿತ್ತು. ಆ ದಳದ ಠಾಣೆ ಇದ್ದದ್ದು ಇಲ್ಲೇ, ಕಲಾದಗಿಯೊಳಗ. ಊರಿಗೆ ಬೆಂಕಿ ಹಚ್ಚಿದ್ರು. ಡಿಸೆಂಬರ್ 11ಕ್ಕ, ಮುಧೋಳದ ಸಂತಿ ದಿವ್ಸ, 13 ಮಂದಿನ್ನ ಗಲ್ಲಿಗೆ ಹಾಕಿದ್ರು. 14ಕ್ಕ ಹಲಗಲಿಯೊಳಗ ಮತ್ತ 6 ಮಂದಿ. ಸಂತಿಗೆ ಬಂದ ಜನ ನೋಡಿ ಅಂಜಲಿ ಅಂತನ ಆ ದಿನ ಆರಿಸಿದ್ರು ಅಂತ ನನಗ ಅನ್ನಿಸ್ತದ. ಬದಲಿಗೆ ಜನ ಅದನ್ನ ಲಾವಣಿ ಕಟ್ಟಿ ಹಾಡಿದ್ರು, ಇವತ್ತಿಗೂ ಹಾಡ್ತಾರ. ಮುಂದಿನ ವರ್ಷ ನರಗುಂದದ ಬಾಬಾಸಾಹೇಬರ ಬಂಡಾಯ ಹತ್ತಿಕ್ಕಾಕ ಹೋದವನೂ ಇದೇ ಮಾಲ್ಕಮ್.

ಜಿಲ್ಲೆ ಆದದ್ದು 1864ರಾಗ. ಹನ್ನೆರಡು ವರ್ಷಕ್ಕ ಬರಗಾಲ ಬಡೀತು. 1876ರಿಂದ 78ರ ಆ ದೊಡ್ಡ ಬರ ಮುಂಬಯಿ ಪ್ರಾಂತದೊಳಗ ಭಾಳ ಕೆಟ್ಟದಾಗಿ ತಿಂದದ್ದು ಈ ಜಿಲ್ಲೆನ. 1872ರ ಜನಗಣತಿಯೊಳಗ 8 ಲಕ್ಷ ದಾಟಿದ್ದ ಜನ 1881ಕ್ಕ 6.5 ಲಕ್ಷಕ್ಕಿಂತ ಕೆಳಗ ಇಳದಿದ್ರು. ಸತ್ತವರೆಷ್ಟೋ, ಊರು ಬಿಟ್ಟು ಹೋದವರೆಷ್ಟೋ. ಈ ಲೆಕ್ಕ ಓದಿದಾಗೆಲ್ಲ ನನಗ ಮುಂದಿನ ಪುಟ ತಿರುವಾಕ ಆಗೂದಿಲ್ಲ.

ಇನ್ನ ಊರಿನ ದೆಸೆ ತಿರುಗಿಸಿದ್ದು ರೈಲು. 1884ರ ಹೊತ್ತಿಗೆ ಹೋಟಗಿ–ಗದಗ ಮಾರ್ಗ ಬಿಜಾಪುರ, ಬಾಗಲಕೋಟೆ ಮುಟ್ಟಿತು, ಕಲಾದಗಿ ಬಾಜೂಕ ಉಳೀತು. 1885ರಾಗ ಜಿಲ್ಲಾ ಕಚೇರಿ ಬಿಜಾಪುರಕ್ಕ ಹೋತು. ಅಲ್ಲಿ ಆದಿಲ್‌ಶಾಹಿ ಮಹಲುಗಳೊಳಗ ಕಚೇರಿ ಹೂಡಿದ್ರು. ಜಿಲ್ಲೆಯ ಹೆಸರೂ ಬದಲಾತು. ಕಚೇರಿ ಇಲ್ಲ, ದಂಡು ಇಲ್ಲ ಅಂದ ಮ್ಯಾಲೆ ವ್ಯಾಪಾರ ಎಲ್ಲಿಂದ ಬರಬೇಕು?

ಹೆಸರು ಮಾತ್ರ ಭೂವಿಜ್ಞಾನದೊಳಗ ಗಟ್ಟಿ ಕುಂತೈತಿ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರ ತಮ್ಮ ವರದಿಯೊಳಗ ಈ ಸೀಮೆಯ ಹಳೇ ಮರಳುಗಲ್ಲು, ಸುಣ್ಣಗಲ್ಲಿನ ಪದರುಗಳಿಗೆ ಕಲಾದಗಿ ಹೆಸರಿಟ್ರು. ಬಾದಾಮಿ ಗುಹೆ ಕೊರದ ಕೆಂಪು ಕಲ್ಲೂ ಅದೇ ಕಲಾದಗಿ ಬೇಸಿನ್, ಅಂದ್ರ ಪದರುಗಲ್ಲು ಕೂಡಿದ ಹಳೇ ತಗ್ಗಿನ ಒಳಗ ಬರ್ತದ.

ನನ್ನ ಬೇಡಿಕೆ ಒಂದೇ. ಹಲಗಲಿಗೆ ಕುದುರಿ ಇಲ್ಲಿಂದ ಹೊಂಟಿದ್ವು ಅಂತ ಕಲಾದಗಿಯ ಮಕ್ಕಳಿಗೆ ಗೊತ್ತಾಗಬೇಕು. ಅದಕ್ಕ ದಂಡಿನ ಜಾಗದಾಗ ಒಂದು ಫಲಕ ಬೇಕು, ಅದರ ಮ್ಯಾಲೆ ಹಲಗಲಿಯ ಹೆಸರು ಬೇಕು. ನಿಮ್ಮ ಮನಿಯೊಳಗ ಅಜ್ಜ, ಆಯಿ ದಂಡಿನ ಮಾತು ಏನರ ಹೇಳಿದ್ರ, ಮೊಬೈಲ್‌ನಾಗ ರೆಕಾರ್ಡ್ ಮಾಡಿಟ್ಕೋರಿ, ನಮಗೂ ಕಳಸ್ರಿ. ಮುಂದಿನ ವಿಡಿಯೋ ಹಲಗಲಿಯಿಂದ.