ಬರ್ಲಿನ್‌ಗೆ ಬಂದ ಏಣಿ

ಕೇಳುಗರೆಲ್ಲರಿಗೂ ನಮಸ್ಕಾರ.

ಸಂಶೋಧಕರು ಪ್ರಶ್ನಾವಳಿ ಹಿಡಿದು ಬರುತ್ತಾರೆ, ರೋಗಿ ಉತ್ತರ ಹೇಳುತ್ತಾನೆ, ಅವರು ಬರೆದುಕೊಂಡು ಹೋಗುತ್ತಾರೆ. ಇದು ನಮಗೆಲ್ಲ ಗೊತ್ತಿರುವ ಸಂಶೋಧನೆ. ಆದರೆ ಏನು ಕೇಳಬೇಕು, ಯಾರನ್ನು ಕೇಳಬೇಕು, ಬಂದ ಉತ್ತರದಿಂದ ಏನು ಮಾಡಬೇಕು ಎಂಬುದನ್ನೂ ಆ ಜನರೇ ಕೂತು ತೀರ್ಮಾನಿಸಿದರೆ? ಅದು ಸಹಭಾಗಿ ಆರೋಗ್ಯ ಸಂಶೋಧನೆ. ಜರ್ಮನ್ ಮಾತಾಡುವವರ ನಾಡಿನಲ್ಲಿ ಇದು ಬೇರೂರಿದ ಬಗೆಯನ್ನು ಈ ಹೊತ್ತು ಹೇಳುತ್ತೇನೆ.

ಇದನ್ನು ಅಮೆರಿಕದ ಸರಕು ಎನ್ನುವುದು ವಾಡಿಕೆ. ಪೂರ್ತಿ ನಿಜವಲ್ಲ. ಇದರ ಒಂದು ಬೇರು ಬರ್ಲಿನ್ನಿನಲ್ಲೇ ಇದೆ. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಕುರ್ಟ್ ಲೆವಿನ್ ಯಹೂದಿ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ದೇಶ ಬಿಟ್ಟರು. ಕ್ರಿಯಾ ಸಂಶೋಧನೆ, ಅಂದರೆ ಬದಲಾವಣೆ ತರುತ್ತಲೇ ಅದರಿಂದ ಕಲಿಯುವ ಸಂಶೋಧನೆ, ಅದರ ಕುರಿತ ಅವರ ಪ್ರಸಿದ್ಧ ಲೇಖನ 1946ರಲ್ಲಿ ಅಚ್ಚಾದದ್ದು ಅಮೆರಿಕದಲ್ಲಿ.

ಅದೇ ಅಮೆರಿಕದಲ್ಲಿ 1969ರಲ್ಲಿ ಶೆರ್ರಿ ಆರ್ನ್‌ಸ್ಟೈನ್ ಎಂಬ ಹೆಣ್ಣುಮಗಳು, ತೀರ್ಮಾನಗಳಲ್ಲಿ ಜನರಿಗೆ ನಿಜವಾಗಿ ಎಷ್ಟು ಪಾಲು ಸಿಗುತ್ತದೆ ಎಂದು ತೋರಿಸುವ, ಎಂಟು ಮೆಟ್ಟಿಲಿನ ಒಂದು ಏಣಿ ಬರೆದರು. ಕರಿಯರಿಗೊಂದು, ಬಿಳಿಯರಿಗೊಂದು ಎಂದಿದ್ದ ಆಸ್ಪತ್ರೆ ವ್ಯವಸ್ಥೆಯನ್ನು ಮುರಿಯುವ ಸರ್ಕಾರಿ ಕೆಲಸದಲ್ಲಿ ಅವರು ಮೊದಲೇ ದುಡಿದಿದ್ದರು. ಹಾಗಾಗಿ ಮಾತು ಖಾರ. ಕೆಳಗಿನ ಎರಡು ಮೆಟ್ಟಿಲಿಗೆ ಅವರಿಟ್ಟ ಹೆಸರು 'ಕೈಚಳಕ', ಅಂದರೆ ಜನರನ್ನು ಬೇಕಾದಂತೆ ಆಡಿಸುವುದು, ಮತ್ತು 'ಚಿಕಿತ್ಸೆ'. ದೂರು ಹೇಳಲು ಬಂದವನ ತಲೆಯೇ ಸರಿಯಿಲ್ಲವೆಂದು ಅವನನ್ನೇ ತಿದ್ದಲು ಹೊರಡುವುದೇ ಆ ಚಿಕಿತ್ಸೆ! ತಿಳಿಸುವುದು, ಅಭಿಪ್ರಾಯ ಕೇಳುವುದು, ಸಮಾಧಾನ ಮಾಡುವುದು, ಈ ಮೂರೂ ಬರೀ ತೋರಿಕೆ ಎಂದರು. ಅಧಿಕಾರ ನಿಜವಾಗಿ ಕೈ ಬದಲಾಯಿಸುವುದು ಮೇಲಿನ ಮೂರರಲ್ಲಿ ಮಾತ್ರ.

ಈ ಏಣಿಯನ್ನು ಬರ್ಲಿನ್ ಸಮಾಜವಿಜ್ಞಾನ ಕೇಂದ್ರದಲ್ಲಿ ಮೈಕೆಲ್ ರೈಟ್, ಮಾರ್ಟಿನಾ ಬ್ಲಾಕ್, ಹೆಲ್ಲಾ ಫಾನ್ ಉಂಗರ್ ಎಂಬ ಮೂವರು ಆರೋಗ್ಯದ ಕೆಲಸಕ್ಕೆ ಹೊಂದಿಸಿದರು. ಜೊತೆಗಿದ್ದದ್ದು ಎಚ್‌ಐವಿ ತಡೆಯುವ ಕೆಲಸದಲ್ಲಿ 1983ರಿಂದ ತೊಡಗಿರುವ ಜರ್ಮನ್ ಏಡ್ಸ್ ನೆರವು ಸಂಸ್ಥೆ. ಎಂಟು ಮೆಟ್ಟಿಲು ಒಂಬತ್ತಾದವು. 'ಚಿಕಿತ್ಸೆ' ಹೋಗಿ 'ಅಪ್ಪಣೆ' ಬಂತು. ಆರ್ನ್‌ಸ್ಟೈನ್ 'ತೋರಿಕೆ' ಎಂದದ್ದು ಇಲ್ಲಿ 'ಸಹಭಾಗಿತ್ವದ ಪೂರ್ವಹಂತ' ಆಯಿತು. ಒಂಬತ್ತನೆಯದು ಸ್ವಯಂ ಸಂಘಟನೆ. ಅದು ಸಹಭಾಗಿತ್ವವನ್ನೂ ದಾಟಿದ್ದು ಎಂದು ಬೇರೆಯಾಗಿಯೇ ಇಟ್ಟರು. ಅಲ್ಲಿನ ನೆಲಕ್ಕೆ ಇದು ಸರಿಯಾಗಿ ಒಗ್ಗುತ್ತದೆ. ಒಂದೇ ಕಾಯಿಲೆಯವರು ಸೇರಿ ಕಟ್ಟಿಕೊಂಡ ಸ್ವಸಹಾಯ ಗುಂಪುಗಳು ಜರ್ಮನಿಯಲ್ಲಿ ಊರೂರಲ್ಲಿವೆ. ಅವುಗಳಿಗೆ ಆರೋಗ್ಯ ವಿಮಾ ನಿಧಿಗಳು ಹಣ ಕೊಡಬೇಕೆಂದು ಕಾನೂನೇ ಇದೆ.

ಮಾತು ಮೆದುವಾದದ್ದರಿಂದ ಲಾಭವೂ ಆಯಿತು. ತನ್ನ ಯೋಜನೆ 'ಕೈಚಳಕ' ಎಂದು ಯಾವ ಅಧಿಕಾರಿ ತಾನಾಗಿ ಬರೆದುಕೊಂಡಾನು? 'ಪೂರ್ವಹಂತದಲ್ಲಿದ್ದೇವೆ' ಎಂದು ಬರೆಯಲು ಸಂಕೋಚವಿಲ್ಲ. ನನಗೆ ಅಳುಕಿರುವುದೂ ಅಲ್ಲೇ. ಪೂರ್ವಹಂತ ಎಂದ ಕೂಡಲೇ ಮುಂದಿನ ಹಂತ ತಾನಾಗಿ ಬರುತ್ತದೆ ಎಂಬ ಭ್ರಮೆ ಹುಟ್ಟುತ್ತದೆ.

ಹಾಗೆ ಬರುವುದಿಲ್ಲ ಎನ್ನುವುದಕ್ಕೆ ಜರ್ಮನಿಯ ಜಂಟಿ ಒಕ್ಕೂಟ ಸಮಿತಿಯನ್ನೇ ನೋಡಿ. ಯಾವ ಚಿಕಿತ್ಸೆಗೆ ವಿಮೆ ಹಣ ಕೊಡಬೇಕು ಎಂದು ತೀರ್ಮಾನಿಸುವ ಸಮಿತಿ ಅದು. ಮತ ಹಾಕುವವರು 13 ಮಂದಿ. ವಿಮಾ ನಿಧಿಗಳ ಕಡೆಯಿಂದ ಐವರು, ವೈದ್ಯರು, ದಂತವೈದ್ಯರು ಮತ್ತು ಆಸ್ಪತ್ರೆಗಳ ಕಡೆಯಿಂದ ಐವರು, ಯಾರ ಕಡೆಗೂ ಸೇರದವರು ಮೂವರು. 2004ರಿಂದ ರೋಗಿಗಳ ಪ್ರತಿನಿಧಿಗಳೂ ಅಲ್ಲಿ ಕೂರುತ್ತಾರೆ. ಚರ್ಚೆ ಮಾಡಬಹುದು, ವಿಷಯ ಮಂಡಿಸಬಹುದು. ಮತ ಮಾತ್ರ ಇಲ್ಲ. ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕದ ಹಾಗೆ. ಬರ್ಲಿನ್ ಏಣಿಯಲ್ಲಿ ಐದನೆಯ ಮೆಟ್ಟಿಲು 'ಒಳಗೊಳ್ಳುವಿಕೆ', ಅದು ಪೂರ್ವಹಂತದ ಕೊನೆಯದು. ಆರನೆಯದು 'ಸಹನಿರ್ಧಾರ', ನಿಜವಾದ ಸಹಭಾಗಿತ್ವ ಅಲ್ಲಿಂದ ಶುರು. ಈ ಪ್ರತಿನಿಧಿಗಳು ಎಷ್ಟು ಚೆನ್ನಾಗಿ ವಾದಿಸಿದರೂ ಕಾನೂನು ಅವರನ್ನು ಐದರಿಂದ ಆರಕ್ಕೆ ಏರಲು ಬಿಡುವುದಿಲ್ಲ ಎಂಬುದು ನನ್ನ ಲೆಕ್ಕ.

ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳಲ್ಲೂ ಜರ್ಮನ್ ನುಡಿಯುಂಟು, ಆದರೆ ವ್ಯವಸ್ಥೆ ಬೇರೆ. ಸ್ವಿಟ್ಜರ್ಲೆಂಡಿನಲ್ಲಿ ದೇಶಕ್ಕೆಲ್ಲ ಒಂದೇ ಸಾರ್ವಜನಿಕ ಆರೋಗ್ಯ ವಿಮೆ ಬೇಕೇ ಎಂದು 2014ರಲ್ಲಿ ಜನರನ್ನೇ ಕೇಳಿದರು. ಬೇಡ ಎಂದು ಜನ ಮತ ಹಾಕಿದರು. ಅಲ್ಲಿ ಮತ ಜನರ ಕೈಯಲ್ಲೇ ಇತ್ತು. ಹಾಗಾಗಿ ಒಂದು ಊರಿನಲ್ಲಿ ಬರೆದ ಚೌಕಟ್ಟನ್ನು ಇನ್ನೊಂದು ಊರಿಗೆ ಒಯ್ಯುವಾಗ ಅಲ್ಲಿ ಯಾರ ಕೈಯಲ್ಲಿ ಏನಿದೆ ಎಂದು ಮೊದಲು ನೋಡಿಕೊಳ್ಳಬೇಕಾಗುತ್ತದೆ.

ಇನ್ನು ಕೆಲಸ ನಡೆಯುವ ಜಾಗಕ್ಕೆ ಬರೋಣ. ಜರ್ಮನಿಯಲ್ಲಿ 2008ರಿಂದ 2011ರವರೆಗೆ ಪಾಕೋಮಿ ಎಂಬ ಯೋಜನೆ ನಡೆಯಿತು. ವಲಸೆ ಬಂದವರ ನಡುವೆ ಎಚ್‌ಐವಿ ತಡೆಯುವುದು ಹೇಗೆಂದು ಹುಡುಕುವುದು ಅದರ ಗುರಿ. ವಲಸೆ ಸಮುದಾಯದವರೇ ತರಬೇತಿ ಪಡೆದು ಸಹಸಂಶೋಧಕರಾದರು. ಬಾಗಿಲು ತೆರೆಸುವ ಕೆಲಸ ಅವರಿಗೆ, ಬರೆದು ಹೆಸರು ಮಾಡುವ ಕೆಲಸ ಪಂಡಿತರಿಗೆ ಎಂದಾಗಬಾರದು ಎಂಬುದೇ ಇಂಥ ಸಂಶೋಧನೆಯ ಕಟ್ಟಳೆ.

ಇಂಥ ಕೆಲಸದಲ್ಲಿ ಸಣ್ಣದೆನಿಸುವ ತೊಡಕೇ ದೊಡ್ಡದು. ಸಹಸಂಶೋಧಕಿ ಸರ್ಕಾರ ಕೊಡುವ ಮೂಲ ಜೀವನಾಧಾರ ಭತ್ಯೆಯ ಮೇಲೆ ಬದುಕುವವಳು ಎಂದಿಟ್ಟುಕೊಳ್ಳಿ. ಜರ್ಮನಿಯ ಸಾಮಾನ್ಯ ನಿಯಮದಂತೆ ತಿಂಗಳಿಗೆ ಮೊದಲ 100 ಯೂರೋ ಗಳಿಕೆ ಮಾತ್ರ ಪೂರ್ತಿ ಅವಳದು. ಅದಕ್ಕಿಂತ ಹೆಚ್ಚು ದುಡಿದರೆ ಹೆಚ್ಚಿನದರ ಬಹುಪಾಲನ್ನು ಭತ್ಯೆಯಿಂದ ಮುರಿದುಕೊಳ್ಳುತ್ತಾರೆ. ವಿಶ್ವವಿದ್ಯಾಲಯದವರಿಗೆ ಸಂಬಳ, ಇವಳಿಗೆ ಕಡಿತ. ಸಮಾನ ಪಾಲುದಾರರು ಎಂದು ಕಾಗದದಲ್ಲಿ ಬರೆದುಕೊಂಡವರು ಈ ಲೆಕ್ಕವನ್ನು ಅರ್ಜಿ ಹಾಕುವ ದಿನವೇ ಮಾಡಬೇಕು. ಅನುದಾನ ಬಂದ ಮೇಲೆ ಆಯವ್ಯಯ ಪಟ್ಟಿ ತಿದ್ದುವುದು ಸುಲಭವಲ್ಲ.

ನಮಸ್ಕಾರ.