ನೆಲದ ಮೇಲಿನ ಹತ್ತು ವರ್ಷ: ಡೀಕ್ ಸ್ಲೇಟನ್ ಮತ್ತು ಅವರ ಹೃದಯ

ಎಲ್ಲರಿಗೂ ನಮಸ್ಕಾರ. ಇಲ್ಲಿ ನಿವೃತ್ತ ಪೈಲಟ್‌ಗಳಿದ್ದೀರಿ, ನಿಮ್ಮ ಮನೆಯವರೂ ಬಂದಿದ್ದಾರೆ. ಮೆಡಿಕಲ್, ಅಂದರೆ ಹಾರಲು ಫಿಟ್ ಇದ್ದೀರಾ ಅಂತ ನೋಡುವ ಪರೀಕ್ಷೆ, ಹತ್ತಿರ ಬಂತು ಅಂದರೆ ಮನೆಯಲ್ಲಿ ಎಂಥ ಆತಂಕ ಇರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮ ವಿಮಾನಪುರದ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಗೆ ಹೋಗಿ ಬಂದವರು ನಿಮ್ಮಲ್ಲಿ ಎಷ್ಟೋ ಜನ. ಇಸಿಜಿಯಲ್ಲಿ ಏನೋ ಸರಿಯಿಲ್ಲ ಅಂತಾದರೆ ಹಾರಾಟ ಅವತ್ತೇ ನಿಲ್ಲಬಹುದು. ಆಮೇಲೆ ಏನು ಮಾಡುವುದು? ಇದಕ್ಕೆ ಬದುಕಿಯೇ ಉತ್ತರ ಕೊಟ್ಟ ಒಬ್ಬರಿದ್ದಾರೆ. ಅಮೆರಿಕದ ಡೊನಾಲ್ಡ್ ಸ್ಲೇಟನ್. ಎಲ್ಲರಿಗೂ ಅವರು ಡೀಕ್.

1924ರಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ಹಾರಿಸಿದರು, ಆಮೇಲೆ ಟೆಸ್ಟ್ ಪೈಲಟ್ ಆದರು. 1959ರಲ್ಲಿ ಅಮೆರಿಕ ಆರಿಸಿದ ಮೊದಲ ಏಳು ಗಗನಯಾತ್ರಿಗಳಲ್ಲಿ ಒಬ್ಬರು. ಅದೇ ವರ್ಷ ಸೆಂಟ್ರಿಫ್ಯೂಜ್ ಅನ್ನುವ, ಜೋರಾಗಿ ಗಿರಗಿರ ತಿರುಗಿಸುವ ಯಂತ್ರದ ತರಬೇತಿಯ ಹೊತ್ತಿಗೆ ಅವರ ಹೃದಯದ ಬಡಿತ ತಾಳ ತಪ್ಪಿದ್ದು ವೈದ್ಯರ ಕಣ್ಣಿಗೆ ಬಿತ್ತು. ಏಟ್ರಿಯಲ್ ಫಿಬ್ರಿಲೇಶನ್. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಕುಗ್ಗದೆ ಸುಮ್ನೆ ಅದುರುತ್ತವೆ. ಆಗ ಬಡಿತ ಏರುಪೇರಾಗುತ್ತದೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗುವ ಅಪಾಯವೂ ಇರುತ್ತದೆ. ಡೀಕ್ ಗಟ್ಟಿಮುಟ್ಟಾಗಿಯೇ ಇದ್ದರು. ಆದರೂ 1962ರ ಮಾರ್ಚ್‌ನಲ್ಲಿ, ಬಾಹ್ಯಾಕಾಶಕ್ಕೆ ಹೊರಡಲು ಎರಡು ತಿಂಗಳಷ್ಟೇ ಇರುವಾಗ, ಅವರನ್ನು ತಡೆದರು. ಅವರ ಜಾಗದಲ್ಲಿ ಸ್ಕಾಟ್ ಕಾರ್ಪೆಂಟರ್ ಹೋದರು.

ಇದು ಅನ್ಯಾಯ ಅಂತ ನಿಮಗೆ ಅನಿಸಬಹುದು. ಆದರೆ ನಿಯಮ ಹಾಕಿದವರ ಭಯವನ್ನೂ ನೋಡಿ. 1972ರ ಜೂನ್ 18ರಂದು ಲಂಡನ್ ಹತ್ತಿರದ ಸ್ಟೇನ್ಸ್‌ನಲ್ಲಿ ಒಂದು ಟ್ರೈಡೆಂಟ್ ವಿಮಾನ ಬಿದ್ದು 118 ಜನ ಸತ್ತರು, ಒಬ್ಬರೂ ಉಳಿಯಲಿಲ್ಲ. ಕ್ಯಾಪ್ಟನ್‌ಗೆ ಹೃದಯದ ತೊಂದರೆ ಇದ್ದದ್ದೂ ಒಂದು ಕಾರಣ ಅಂತ ತನಿಖೆ ಹೇಳಿತು. ಅನ್‌ಫಿಟ್ ಅನ್ನುವ ಮಾತು ಪೈಲಟ್ ಸೀಟಿಗೆ ಸಂಬಂಧಪಟ್ಟದ್ದು, ಮನುಷ್ಯನಿಗಲ್ಲ. ಮನೆಯವರು ದಯವಿಟ್ಟು ಇದನ್ನು ಕೇಳಿಸಿಕೊಳ್ಳಿ. ಆ ಮಾತು ಕೇಳಿಕೊಂಡು ಮನೆಗೆ ಬಂದವರು ತಾವೇ ಕೆಲಸಕ್ಕೆ ಬಾರದವರು ಅಂದುಕೊಂಡು ಕೂತುಬಿಡುತ್ತಾರೆ.

ಡೀಕ್ ಹಾಗೆ ಕೂರಲಿಲ್ಲ. ನಾಸಾದಲ್ಲೇ ಉಳಿದು ಗಗನಯಾತ್ರಿಗಳ ಉಸ್ತುವಾರಿ ಹೊತ್ತರು. ಒಬ್ಬರೇ ವಿಮಾನ ಹಾರಿಸುವಂತಿಲ್ಲ ಅಂದಾಗ 1963ರಲ್ಲಿ ವಾಯುಪಡೆಯನ್ನೇ ಬಿಟ್ಟರು. ಯಾವ ನೌಕೆಯಲ್ಲಿ ಯಾರು ಹೋಗಬೇಕು ಅಂತ ಪಟ್ಟಿ ಮಾಡುತ್ತಿದ್ದದ್ದು ಅವರೇ. ಅದಕ್ಕೊಂದು ಕ್ರಮ ಇಟ್ಟುಕೊಂಡಿದ್ದರು. ಒಂದು ಯಾನಕ್ಕೆ ಬದಲಿ ತಂಡವಾಗಿ ತಯಾರಾದವರಿಗೆ ಮುಂದಿನ ಎರಡು ಯಾನ ಬಿಟ್ಟು ಮೂರನೆಯದರಲ್ಲಿ ಅವಕಾಶ. ಆರ್ಮ್‌ಸ್ಟ್ರಾಂಗ್ ಅಪೊಲೊ 8ರ ಬದಲಿ ತಂಡದಲ್ಲಿದ್ದರು. ಲೆಕ್ಕ ಹಾಕಿ ನೋಡಿ, ಅಪೊಲೊ 11ಕ್ಕೆ ಬರುತ್ತದೆ. ಚಂದ್ರನ ಮೇಲೆ ಮೊದಲು ಕಾಲಿಟ್ಟವರನ್ನು ಆರಿಸಿದ್ದು, ಹೃದಯದ ಕಾರಣಕ್ಕೆ ಹಾರಾಟ ನಿಂತುಹೋದ ಮನುಷ್ಯ. ನನ್ನ ಮಟ್ಟಿಗೆ ಡೀಕ್ ಜೀವನದ ದೊಡ್ಡ ಕೆಲಸ ಇದೇ, ಆಮೇಲೆ ಅವರು ಹಾರಿದ್ದಲ್ಲ.

ಅವರ ಕೈಕೆಳಗಿನ ಗಗನಯಾತ್ರಿಗಳಿಗೆ ಅವರ ಮೇಲೆ ಎಷ್ಟು ಪ್ರೀತಿ ಇತ್ತು ಅನ್ನುವುದಕ್ಕೆ ಒಂದು ಪಿನ್ನಿನ ಕಥೆ ಇದೆ. ಬಾಹ್ಯಾಕಾಶಕ್ಕೆ ಹೋಗಿ ಬಂದವರಿಗೆ ಚಿನ್ನದ ಪಿನ್ ಸಿಗುತ್ತಿತ್ತು. ಡೀಕ್‌ಗೆ ಅದಿರಲಿಲ್ಲ. ಅಪೊಲೊ 1ರ ಮೂವರು ಅವರಿಗಾಗಿ ವಜ್ರ ಕೂರಿಸಿದ ಪಿನ್ ಮಾಡಿಸಿದ್ದರು. ತಮ್ಮ ಜೊತೆ ಒಯ್ದು ತಂದುಕೊಡಬೇಕು ಅನ್ನುವುದು ಅವರ ಆಸೆ. 1967ರ ಜನವರಿಯಲ್ಲಿ ಮೂವರೂ ನೌಕೆಯಲ್ಲಿ ಬೆಂಕಿಗೆ ಬಲಿಯಾದರು. ಅವರ ಹೆಂಡತಿಯರು ಆ ಪಿನ್ನನ್ನು ಡೀಕ್ ಕೈಗೆ ಕೊಟ್ಟರು. ಮುಂದೆ ಆರ್ಮ್‌ಸ್ಟ್ರಾಂಗ್ ಅದನ್ನು ಚಂದ್ರನವರೆಗೂ ಒಯ್ದು ತಂದರು. ಗಂಡಂದಿರನ್ನು ಕಳೆದುಕೊಂಡ ದುಃಖದಲ್ಲೂ ಆ ಹೆಣ್ಣುಮಕ್ಕಳು ಅದನ್ನು ನೆನಪಿಟ್ಟು ಕೊಟ್ಟರಲ್ವಾ! ಇದನ್ನು ಹೇಳುವಾಗೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಹಾಗಂತ ಡೀಕ್ ಹಾರುವ ಆಸೆ ಬಿಟ್ಟಿರಲಿಲ್ಲ. ಸಿಗರೇಟು ಬಿಟ್ಟರು, ಕಾಫಿ ಬಿಟ್ಟರು, ವ್ಯಾಯಾಮ ಹೆಚ್ಚಿಸಿದರು. ಎದೆ ಮತ್ತೆ ತಾಳಕ್ಕೆ ಬಂತು. ಮೇಯೊ ಕ್ಲಿನಿಕ್‌ನಲ್ಲಿ ಕೂಲಂಕಷವಾಗಿ ಪರೀಕ್ಷೆಯಾಗಿ 1972ರಲ್ಲಿ ಒಪ್ಪಿಗೆ ಸಿಕ್ಕಿತು. ಸೋವಿಯತ್ ಗಗನಯಾತ್ರಿಗಳ ಜೊತೆ ಮಾತಾಡಲು ರಷ್ಯನ್ ಕಲಿತರು. 1975ರ ಜುಲೈನಲ್ಲಿ, 51ನೇ ವಯಸ್ಸಿನಲ್ಲಿ, ಅಮೆರಿಕದ ಮತ್ತು ಸೋವಿಯತ್ ನೌಕೆಗಳು ಬಾಹ್ಯಾಕಾಶದಲ್ಲಿ ಒಂದಕ್ಕೊಂದು ಕೂಡಿಕೊಂಡ ಅಪೊಲೊ-ಸೋಯುಜ್ ಯಾನದಲ್ಲಿ ಹೋದರು. ಇಳಿಯುವಾಗ ವಿಷಾನಿಲ ಒಳಗೆ ನುಗ್ಗಿ ಅಪೊಲೊ ನೌಕೆಯಲ್ಲಿದ್ದ ಮೂವರೂ ಹೊನೊಲುಲು ಆಸ್ಪತ್ರೆ ಸೇರಿದರು. ಅಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಡೀಕ್ ಶ್ವಾಸಕೋಶದಲ್ಲಿ ಒಂದು ಗಂಟು ಕಂಡಿತು. ಪುಣ್ಯಕ್ಕೆ ಅದು ಕ್ಯಾನ್ಸರ್ ಆಗಿರಲಿಲ್ಲ. ಹಾರುವ ಮುಂಚೆಯೇ ಕಂಡಿದ್ದರೆ ಮತ್ತೆ ತಡೆಯುತ್ತಿದ್ದರು.

1982ರಲ್ಲಿ ನಾಸಾ ಬಿಟ್ಟರು. ಅದೇ ವರ್ಷ ಅವರಿದ್ದ ಖಾಸಗಿ ಕಂಪನಿ ಟೆಕ್ಸಾಸ್‌ನಿಂದ ಕಾನೆಸ್ಟೋಗಾ ರಾಕೆಟ್ ಹಾರಿಸಿತು. ಸಣ್ಣ ರೇಸ್ ವಿಮಾನದ ಹುಚ್ಚೂ ಇತ್ತು. 1993ರಲ್ಲಿ ತೀರಿಕೊಂಡದ್ದು ಮಿದುಳಿನ ಗೆಡ್ಡೆಯಿಂದ, ಹೃದಯದಿಂದಲ್ಲ.

ಇವತ್ತು ಇದೇ ತೊಂದರೆ ಇರುವವರಿಗೆ ಅಬ್ಲೇಶನ್‌ನಂಥ ಚಿಕಿತ್ಸೆ ಇದೆ, ಅಂದರೆ ತಾಳ ತಪ್ಪಿಸುವ ಹೃದಯದ ಭಾಗವನ್ನು ಸುಟ್ಟೋ ತಣ್ಣಗಾಗಿಸಿಯೋ ಸುಮ್ಮನಾಗಿಸುವುದು. ಚೆನ್ನಾಗಿ ಪರೀಕ್ಷೆ ಮಾಡಿ, ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇರಲೇಬೇಕು ಅಂತಲೋ ಬೇರೆ ಷರತ್ತು ಹಾಕಿಯೋ ಮತ್ತೆ ಹಾರಲು ಬಿಡುವ ದೇಶಗಳಿವೆ. ನಿಮಗೆ ಎದೆ ಡವಡವ ಅಂದರೆ, ಮೆಡಿಕಲ್ ಹೋದೀತು ಅಂತ ಮುಚ್ಚಿಡಬೇಡಿ. ಹಾರಾಟ ಮುಗಿಸಿದವರೂ ಅಷ್ಟೇ, ಇನ್ನು ಯಾರೂ ಕೇಳುವುದಿಲ್ಲ ಅಂತ ಇಸಿಜಿ ನಿಲ್ಲಿಸಬೇಡಿ. ಪ್ರಶ್ನೆ ಇದ್ದವರು ಈಗ ಕೇಳಿ, ಮೊದಲು ಮನೆಯವರು.